ಫೈಬರ್ ದೋಣಿಯ ನೆಲ ಕೊಳೆಯೋದು ಕೆರೆ ನೀರಿಂದ ಅಲ್ಲ

ಫೈಬರ್ ದೋಣಿ ಅಂದ್ರೆ ಕೊಳೆಯೋ ಮಾತೇ ಇಲ್ಲ ಅಂತ ತುಂಬಾ ಜನ ನಂಬ್ಕೊಂಡಿದಾರೆ. ಹೊರಗಿನ ಚಿಪ್ಪು ಕೊಳೆಯಲ್ಲ, ನಿಜ. ಆದ್ರೆ ಹಳೇ ದೋಣಿಗಳಲ್ಲಿ ನಾವು ಕಾಲಿಡೋ ನೆಲ, ಅದರ ಕೆಳಗೆ ಉದ್ದಕ್ಕೆ ಹೋಗೋ ಪಟ್ಟಿಗಳು, ಹಿಂದೆ ಇಂಜಿನ್ ಕೂರೋ ಹಲಗೆ ಬಹಳ ಸಲ ಮರದವೇ ಆಗಿರ್ತಾವೆ, ಮೇಲೊಂದು ಫೈಬರ್ ಹೊದಿಕೆ ಅಷ್ಟೆ. ದಾವಣಗೆರೆಯ ನಮ್ಮ ವರ್ಕ್‌ಶಾಪಿಗೆ ಬರೋ ಹಳೇ ದೋಣಿಗಳಲ್ಲಿ ತಳ ಕಲ್ಲಿನ ಹಾಗೆ ಗಟ್ಟಿ ಇದ್ದು, ನೆಲ ಮಾತ್ರ ಕಾಲಿಟ್ಟ ಕಡೆ ಕುಗ್ಗೋವೇ ಹೆಚ್ಚು.

ಬಯಲುಸೀಮೆ ದೋಣಿ ನೀರಲ್ಲಿರೋದಕ್ಕಿಂತ ದಡದಲ್ಲಿರೋದೇ ಜಾಸ್ತಿ. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ಕ್ಕೆ, ಸೂಳೆಕೆರೆ ಅಷ್ಟು ದೊಡ್ಡ ಕೆರೆ, ಅದೂ ಬರಗಾಲದಲ್ಲಿ ಒಳಕ್ಕೆ ಸರಿದುಬಿಡ್ತದೆ. ಆಗ ದೋಣಿನ ದಡಕ್ಕೆ ಎಳೆದು ಹಾಗೇ ಬಿಡ್ತಾರೆ, ಮಳೆ ಬಂದು ಒಳಗೆ ನೀರು ನಿಲ್ತದೆ, ಸೀಟಿನ ಸ್ಕ್ರೂ ತೂತಿಂದ ಪ್ಲೈ ಒಳಗೆ ಇಳೀತದೆ, ಮೇಲೆ ಫೈಬರ್ ಇರೋದ್ರಿಂದ ಆರೋಕೆ ದಾರಿ ಸಿಗದೆ ಅಲ್ಲೇ ಕೂರ್ತದೆ. ಮರ ತಿನ್ನೋ ಶಿಲೀಂಧ್ರಕ್ಕೆ ಸಿಹಿನೀರು, ಒಂಚೂರು ಗಾಳಿ, ಬೆಚ್ಚಗಿನ ಜಾಗ ಸಿಕ್ರೆ ಸಾಕು. ಉಪ್ಪುನೀರು ಅದಕ್ಕೆ ಅಷ್ಟು ಒಗ್ಗಲ್ಲ, ಮಳೆನೀರು ಚೆನ್ನಾಗಿ ಒಗ್ತದೆ.

ರಿಪೇರಿಗೆ ತರೋರು ಮೆತ್ತಗಾದ ಕಡೆ ಮಾತ್ರ ಕತ್ತರಿಸಿ ಒಂದು ತುಂಡು ಪ್ಲೈ ಹಾಕ್ಕೊಡ್ರಿ ಅಂತಾರೆ. ಅದಕ್ಕೆ ನಾನು ಒಪ್ಪಲ್ಲ, ಮೊದ್ಲು ಕೆಳಗೆ ಏನಾಗೈತೆ ಅಂತ ನೋಡ್ಲೇಬೇಕು. ಸುತ್ತಿಗೆ ಹಿಡಿಯಿಂದ ನೆಲದ ಮೇಲೆಲ್ಲ ಬಡೀರಿ, ಒಳ್ಳೇ ಮರ ಟಣ್ ಅಂತದೆ, ಕೊಳೆತದ್ದು ಬೊದ್ ಅಂತದೆ. ಆಮೇಲೆ ಸೀಟಿನ ಒಂದು ಸ್ಕ್ರೂ ಬಿಚ್ಚಿ. ಕೆಟ್ಟಿರೋ ಕಡೆ ಸ್ಕ್ರೂ ತಿರುಗಿಸೋದೇ ಬೇಡ, ಬೆರಳಲ್ಲೇ ಎದ್ದು ಬರ್ತದೆ, ಅದರ ಹಲ್ಲಿಗೆ ಕರ್ರಗಿನ ಒದ್ದೆ ಪುಡಿ ಅಂಟಿರ್ತದೆ, ಮೂಸಿದ್ರೆ ಹಳೇ ಹುಲ್ಲಿನ ಬಣವೆಯ ಅಡಿಯ ವಾಸನೆ. ಕೆಳಗಿನ ಪಟ್ಟಿಗೂ ಸಣ್ಣದೊಂದು ತೂತು ಕೊರೆದು ನೋಡ್ರಿ, ಒಣಗಿದ ಮರದ ಪುಡಿ ಬಂದ್ರೆ ಪರವಾಗಿಲ್ಲ, ಕಪ್ಪಗೆ ಒದ್ದೆ ಬಂದ್ರೆ ಆ ಪಟ್ಟಿನೂ ಬದಲಾಯಿಸ್ಬೇಕು. ಇಲ್ಲಾಂದ್ರೆ ಹೊಸ ನೆಲಾನ ಕೊಳೆತ ತೊಲೆ ಮೇಲೆ ಕೂರಿಸಿದಂಗೆ.

ಕಟ್ ಮಾಡುವಾಗ ಕಟರ್ ಬ್ಲೇಡಿನ ಆಳ ಪ್ಲೈ ದಪ್ಪದಷ್ಟೇ ಇಟ್ಕೊಳ್ರಿ, ಜಾಸ್ತಿ ಇಳಿದ್ರೆ ತಳಾನೇ ಸೀಳ್ತದೆ. ಅಂಚಿನ ಸುತ್ತ ಎರಡು ಇಂಚು ಬಿಟ್ಟು ಕತ್ತರಿಸಿ ಉಳಿದದ್ದನ್ನ ಆಮೇಲೆ ಗ್ರೈಂಡರಿಂದ ತೆಗೀಬೇಕು. ನೆಲ ತೆಗೆದಮೇಲೆ ದೋಣಿಗೆ ಬಿಗಿ ಇರಲ್ಲ, ಅದಕ್ಕೇ ಅಡಿಗೆ ಎಲ್ಲಾ ಕಡೆ ಸಮನಾಗಿ ಆಧಾರ ಕೊಟ್ಟೇ ಶುರು ಮಾಡ್ರಿ, ಸೊಟ್ಟ ಆದ ಮೇಲೆ ಹೊಸ ನೆಲ ಹಾಕಿದ್ರೆ ಆ ಸೊಟ್ಟ ಹಾಗೇ ಉಳೀತದೆ. ನೆಲದಡಿ ಫೋಮ್ ತುಂಬಿದ್ರೆ ಒಂದು ತುಂಡು ಕಿತ್ತು ಹಿಂಡಿ, ನೀರು ಬಂದ್ರೆ ಅದೂ ಹೊರಗೆ. ಫೈಬರ್ ಧೂಳು ಸುಮ್ಮನೆ ತುರಿಕೆ ಅಂತ ತಿಳ್ಕೋಬೇಡ್ರಿ, ಕರ್ಚೀಫ್ ಕಟ್ಕೊಂಡ್ರೆ ಸಾಲಲ್ಲ, ಸರಿಯಾದ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕು.

ಪ್ಲೈ ತಗೊಳ್ಳುವಾಗ ಐಎಸ್ 710 ಮುದ್ರೆ ಇರೋ ಮರೈನ್ ಪ್ಲೈ ಕೇಳ್ರಿ. ಐಎಸ್ 303 ಅನ್ನೋದು ಮನೆ ಫರ್ನಿಚರಿನ ಪ್ಲೈ. ಮರೈನ್ ಅಂದ ಮಾತ್ರಕ್ಕೆ ಎಂದೂ ಕೊಳೆಯಲ್ಲ ಅಂತಲ್ಲ, ಆದ್ದರಿಂದ ಎರಡೂ ಮಗ್ಗುಲು, ನಾಲ್ಕೂ ಅಂಚಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗೋ ರೆಸಿನ್) ಕುಡಿಸಿ ಆಮೇಲೆ ಕೂರಿಸ್ಬೇಕು. ಅಂಚು ಎರಡು ಸಲ, ಮೂರು ಸಲ ಕುಡೀತದೆ, ಕುಡೀಲಿ. ಈ ಕೆಲಸ ಬಿಸಿಲೇರೋ ಹೊತ್ತಲ್ಲಿ ಮಾಡಿದ್ರೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳ್ತಾವೆ, ಸಂಜೆ ತಂಪಾಗ್ತಾ ಬಂದಾಗ ಹಚ್ಚಿದ್ರೆ ಎಪಾಕ್ಸಿನ ಮರಾನೇ ಒಳಗೆ ಎಳ್ಕೊಳ್ತದೆ.

ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದ್ರೆ ಮರಕ್ಕೆ ಎಪಾಕ್ಸಿಯಷ್ಟು ಕಚ್ಚಲ್ಲ, ವರ್ಷ ಕಳೆದಂಗೆ ಬಿಟ್ಕೊಳ್ತದೆ. ಎಪಾಕ್ಸಿ ಜೊತೆ ನೇಯ್ದ ಫೈಬರ್ ಬಟ್ಟೆ ಬಳಸ್ರಿ, ಮಾಮೂಲಿ ಚಾಪೆ ತರದ ಮ್ಯಾಟ್ ಬೇಡ, ಅದರ ಅಂಟು ಪಾಲಿಯೆಸ್ಟರಿನಲ್ಲಿರೋ ಸ್ಟೈರೀನಿಗೆ ಕರಗ್ತದೆ, ಎಪಾಕ್ಸಿಗೆ ಕರಗಲ್ಲ. ಪಾಲಿಯೆಸ್ಟರೇ ಬಳಸ್ತೀನಿ ಅನ್ನೋರಿಗೆ ಒಂದು ಮಾತು ಕೈಮುಗಿದು ಹೇಳ್ತೀನಿ: ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗೋಕೆ ಹಾಕೋ ದ್ರವ) ಮತ್ತು ಹಾರ್ಡ್ನರ್ ಎರಡನ್ನೂ ನೇರ ಒಂದಕ್ಕೊಂದು ಸೇರಿಸ್ಲೇಬೇಡ್ರಿ, ಬೆಂಕಿ ಹತ್ತಬಹುದು, ಸಿಡೀಬಹುದು. ಕೋಬಾಲ್ಟ್ ಮೊದ್ಲು ರೆಸಿನ್ನಲ್ಲಿ ಪೂರ್ತಿ ಕಲಸಿ, ಆಮೇಲೇ ಹಾರ್ಡ್ನರ್. ಎರಡೂ ಬಾಟ್ಲಿ ಒಂದೇ ಡಬ್ಬಿಯಲ್ಲಿ ಇಡೋದೂ ಬೇಡ.

ನೆಲ ಕೂತಮೇಲೆ ಅಂಚಿನ ಮೂಲೆಗೆ ಎಪಾಕ್ಸಿ ಪೇಸ್ಟ್ ತುಂಬಿ ಬೆರಳಲ್ಲಿ ಗುಂಡಗೆ ಎಳೆದು, ಅದರ ಮೇಲೆ ಫೈಬರ್ ಪಟ್ಟಿ ಹತ್ತಿಸ್ಬೇಕು, ಪಟ್ಟಿ ಕೂರೋ ಕಡೆ ಹಳೇ ಪೇಂಟ್ ಪೂರ್ತಿ ಹೋಗಿರ್ಬೇಕು.

ಇಷ್ಟೆಲ್ಲ ಮಾಡಿ ಸೀಟ್ ಫಿಟ್ ಮಾಡುವಾಗ ಡ್ರಿಲ್ ತಗೊಂಡು ಹೊಸ ನೆಲಕ್ಕೆ ನೇರ ತೂತು ಹೊಡೀತಾರಲ್ಲ, ಅದು ನನಗೆ ನಿಜಕ್ಕೂ ಹೊಟ್ಟೆ ಉರಿಸ್ತದೆ. ಹಳೇ ನೆಲಕ್ಕೆ ನೀರು ಇಳಿದಿದ್ದೇ ಆ ತೂತಿಂದ. ಸ್ಕ್ರೂಗಿಂತ ದಪ್ಪ ತೂತು ಕೊರೆದು, ಎಪಾಕ್ಸಿ ಪೇಸ್ಟ್ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂ ಅಳತೆಗೆ ಮತ್ತೆ ಕೊರೀಬೇಕು. ಆಗ ಸ್ಕ್ರೂ ಸುತ್ತ ಮರಾನೇ ಇರಲ್ಲ, ನೀರು ಇಳಿದ್ರೂ ಮರ ಸಿಗಲ್ಲ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿಂದಿರ್ಲಿ, ಜಿಐ (ಸತು ಲೇಪಿಸಿದ್ದು) ಬೇಡ.

ಕೆರೆಯಲ್ಲಿ ನೀರಿಲ್ಲದ ತಿಂಗಳು ದೋಣಿನ ಮುಂಭಾಗ ಎತ್ತರಿಸಿ, ಹಿಂದಿನ ಡ್ರೈನ್ ಪ್ಲಗ್ ಬಿಚ್ಚಿಟ್ಟು, ಟಾರ್ಪಲ್ ಬಿಗಿಯಾಗಿ ಸುತ್ತದೆ ನಡುವೆ ಒಂದು ಬಿದಿರು ಕೊಟ್ಟು ಗುಡಾರದಂಗೆ ಹೊದಿಸ್ರಿ, ಎರಡೂ ಕಡೆಯಿಂದ ಗಾಳಿ ಆಡ್ಬೇಕು.