ಗೆಕ್ಕೊ ಮೊಟ್ಟೆಯನ್ನು ದಿನಾ ತಿರುಗಿಸಬೇಕಾ?

ಪ್ರಶ್ನೆ: ನನ್ನ ಲೆಪರ್ಡ್ ಗೆಕ್ಕೊ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ನಿನ್ನೆ ರಾತ್ರಿ ಎರಡು ಮೊಟ್ಟೆ ಇಟ್ಟಿದೆ. ಕೋಳಿ ಮೊಟ್ಟೆಗೆ ಕಾವು ಕೊಡುವಾಗ ಮಾಡುವ ಹಾಗೆ ಇವನ್ನೂ ದಿನಾ ತಿರುಗಿಸಬೇಕಾ?

ಬೇಡ. ಒಮ್ಮೆ ಕಾವಿನ ಡಬ್ಬಿಗೆ ಇಟ್ಟ ಮೇಲೆ ಮುಟ್ಟಲೇಬೇಡಿ.

ಕೋಳಿ ಮೊಟ್ಟೆ ಒಡೆದಾಗ ಹಳದಿಯ ಎರಡೂ ಕಡೆ ಬಿಳಿ ದಾರದ ಥರ ಏನೋ ಕಾಣುತ್ತದೆ, ಅಲ್ವಾ? ಹಳದಿಯನ್ನು ನಡುವೆ ಹಿಡಿದು ನಿಲ್ಲಿಸುವುದು ಅದೇ. ಹಾಗಾಗಿ ಕೋಳಿ ಎಷ್ಟು ಹೊರಳಿಸಿದರೂ ನಡೆಯುತ್ತದೆ. ಹಲ್ಲಿ ಮೊಟ್ಟೆಯಲ್ಲಿ ಆ ದಾರ ಇಲ್ಲ. ಇಟ್ಟ ಒಂದೆರಡು ದಿನದಲ್ಲೇ ಭ್ರೂಣ ಮೇಲ್ಭಾಗದಲ್ಲಿ ಸಿಪ್ಪೆಯ ಒಳಗೆ ಅಂಟಿಕೊಂಡು ಬೆಳೆಯತೊಡಗುತ್ತದೆ. ಆಮೇಲೆ ತಲೆಕೆಳಗು ಮಾಡಿದರೆ ಪೊರೆ ಹರಿದು ಮರಿ ಒಳಗೇ ಸಾಯಬಹುದು.

ನಿನ್ನೆ ತಾನೇ ಇಟ್ಟಿದೆ ಅಂದರೆ ಇನ್ನೂ ಸಮಯ ಇದೆ. ಪೆನ್ಸಿಲ್‌ನಲ್ಲಿ ಮೇಲ್ಭಾಗಕ್ಕೆ ಮೆಲ್ಲಗೆ ಒಂದು ಚುಕ್ಕಿ ಇಡಿ. ಮೊಟ್ಟೆ ಹೇಗಿತ್ತೋ ಹಾಗೇ ಎತ್ತಿ ಡಬ್ಬಿಗೆ ಇಡಿ. ಸ್ಕೆಚ್ ಪೆನ್ ಬೇಡ, ಇದರ ಸಿಪ್ಪೆ ಮೆತ್ತಗಿನ ಚರ್ಮದ ಹಾಗೆ, ಬಣ್ಣ ಒಳಗೆ ಇಳಿಯಬಹುದು.

ಡಬ್ಬಿಯೊಳಗೆ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರವಾದ ಖನಿಜದ ಚೂರು) ಹಾಕಿ, ಅದರಷ್ಟೇ ತೂಕದ ನೀರು ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಸಾಕು. ನೀರು ಸುರಿದರೆ ಜಾಸ್ತಿ ಆಗಿದೆ ಎಂದರ್ಥ. ಸಣ್ಣ ಗುಳಿ ಮಾಡಿ ಮೊಟ್ಟೆಯ ಅರ್ಧ ಭಾಗ ಮಾತ್ರ ಹೂತು, ಒಂದೆರಡು ತೂತಿರುವ ಮುಚ್ಚಳ ಹಾಕಿ. ಮೊಟ್ಟೆ ಸುತ್ತಲಿನ ತೇವವನ್ನು ತಾನೇ ಹೀರಿಕೊಂಡು ದಿನೇ ದಿನೇ ಉಬ್ಬುತ್ತದೆ. ಸುಕ್ಕು ಬಿದ್ದರೆ ಮೊಟ್ಟೆ ಮೇಲೆ ನೀರು ಚಿಮುಕಿಸಬೇಡಿ, ಪಕ್ಕದಲ್ಲಿ ಕೆಲವು ಹನಿ ಹಾಕಿ.

ನನ್ನ ಪ್ರಕಾರ ಜನ ಎಡವುವುದು ಬಿಸಿಯಲ್ಲಿ. ಈ ಜಾತಿಯಲ್ಲಿ ಹೆಣ್ಣೋ ಗಂಡೋ ಅನ್ನುವುದನ್ನೂ ಕಾವಿನ ಬಿಸಿಯೇ ತೀರ್ಮಾನಿಸುತ್ತದೆ. 26-27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಹುತೇಕ ಹೆಣ್ಣು, 32ರ ಆಸುಪಾಸಿನಲ್ಲಿ ಹೆಚ್ಚಿನವು ಗಂಡು, ನಡುವೆ ಎರಡೂ ಬರುತ್ತವೆ. ಇನ್ನೂ ಏರಿಸಿ 34 ದಾಟಿಸಿದರೆ ಮತ್ತೆ ಹೆಣ್ಣುಗಳೇ ಜಾಸ್ತಿ, ಆದರೆ ಅಷ್ಟು ಬಿಸಿಯಲ್ಲಿ ಮರಿ ಸಾಯುವ ಅಪಾಯ ಇದೆ, ಆ ಸಾಹಸ ಬೇಡ. ತಂಪಿದ್ದರೆ ಎರಡು ತಿಂಗಳು ಅಥವಾ ಇನ್ನೂ ಸ್ವಲ್ಪ ಹೆಚ್ಚು, ಬಿಸಿ ಇದ್ದರೆ ಸುಮಾರು ಒಂದೂವರೆ ತಿಂಗಳು ಹಿಡಿಯುತ್ತದೆ. ಥರ್ಮೋಸ್ಟಾಟ್ (ಬಿಸಿಯನ್ನು ಒಂದೇ ಮಟ್ಟದಲ್ಲಿ ಇಡುವ ಸಾಧನ) ಇಲ್ಲದೆ ಬಲ್ಬ್ ಹಚ್ಚಿ ಕಾವು ಕೊಡುವುದು ಜೂಜು. ಥರ್ಮಾಮೀಟರಿನ ತುದಿಯನ್ನು ಮೊಟ್ಟೆಯ ಪಕ್ಕದಲ್ಲೇ ಇಡಿ, ಇನ್‌ಕ್ಯುಬೇಟರ್ (ಕಾವು ಪೆಟ್ಟಿಗೆ) ತೋರಿಸುವ ಅಂಕಿಯನ್ನೇ ನಂಬಬೇಡಿ.

ಈ ಲೆಕ್ಕ ಎಲ್ಲ ಗೆಕ್ಕೊಗೂ ಹೊಂದುವುದಿಲ್ಲ. ಕ್ರೆಸ್ಟೆಡ್ ಗೆಕ್ಕೊ ಮೊಟ್ಟೆಗೆ 22ರಿಂದ 25 ಡಿಗ್ರಿ ಸಾಕು. ಟೋಕೆ ಗೆಕ್ಕೊ ಗಟ್ಟಿ ಸಿಪ್ಪೆಯ ಮೊಟ್ಟೆಯನ್ನು ಗೋಡೆಗೇ ಅಂಟಿಸಿಬಿಡುತ್ತದೆ. ಅದನ್ನು ಕೀಳಲು ಹೋದರೆ ಒಡೆಯುತ್ತದೆ, ಅಲ್ಲೇ ಬಿಡಿ.

ಬದುಕಿದೆಯೋ ಇಲ್ಲವೋ ನೋಡಬೇಕಾ? ಒಂದು ವಾರ ಹತ್ತು ದಿನ ಕಳೆಯಲಿ. ಕತ್ತಲೆ ಕೋಣೆಯಲ್ಲಿ, ಮೊಟ್ಟೆಯನ್ನು ಎತ್ತದೆ, ಸಣ್ಣ ಟಾರ್ಚನ್ನು ಪಕ್ಕಕ್ಕೆ ಹಿಡಿಯಿರಿ. ಒಳಗೆ ನಸುಗೆಂಪು ಬಣ್ಣ, ಅದರಲ್ಲಿ ಕೆಂಪು ನರಗಳು ಕಂಡರೆ ಖುಷಿಪಡಿ. ಬರೀ ಹಳದಿ ಕಂಡರೆ ಬಹುಶಃ ಪೊಳ್ಳು. ಮೊದಲ ಸಲದ ಮೊಟ್ಟೆಗಳಲ್ಲಿ ಇದು ಮಾಮೂಲಿ. ಹಾಗಂತ ಅವಸರದಲ್ಲಿ ಎಸೆಯಬೇಡಿ. ಕುಸಿದು, ಬೂಸ್ಟು ಹಿಡಿದು, ನಾತ ಬಂದ ಮೇಲೆ ತೆಗೆದರಾಯಿತು.

ಅಂದ ಹಾಗೆ, ತಾಯಿಯನ್ನು ಗಂಡಿನಿಂದ ಬೇರೆ ಇಡಿ, ಕ್ಯಾಲ್ಸಿಯಂ ಪುಡಿ ಹಚ್ಚಿದ ಹುಳು ತಪ್ಪಿಸಬೇಡಿ. ತಾಯಿ ಗಂಡಿನ ವೀರ್ಯವನ್ನು ಒಳಗೇ ಉಳಿಸಿಕೊಂಡು ಕೆಲವು ವಾರಗಳಲ್ಲಿ ಇನ್ನೊಂದು ಜೊತೆ ಮೊಟ್ಟೆ ಇಡಬಹುದು.

ಕೊನೆಗೆ ಒಂದು ದಿನ ಚೆನ್ನಾಗಿ ಉಬ್ಬಿದ್ದ ಮೊಟ್ಟೆ ಒಳಕ್ಕೆ ತಗ್ಗುತ್ತದೆ, ಮೈಮೇಲೆ ಬೆವರಿನ ಹಾಗೆ ಹನಿಗಳು ಮೂಡುತ್ತವೆ. ಹೊಸಬರು ಹೆದರುವುದು ಆಗಲೇ, ಮರಿ ಹೊರಬರುವುದೂ ಆಗಲೇ. ಸಿಪ್ಪೆ ಸೀಳಿ ಮೂತಿ ಹೊರಗಿಟ್ಟು ಗಂಟೆಗಟ್ಟಲೆ ಸುಮ್ನೆ ಮಲಗಿರುತ್ತದೆ. ಒಳಗೆ ಉಳಿದ ಹಳದಿಯನ್ನು ಹೀರಿಕೊಳ್ಳುತ್ತಿರುತ್ತದೆ, ಎಳೆಯಬೇಡಿ. ಹೊರಬಂದ ಒಂದೆರಡು ದಿನದಲ್ಲಿ ಪೊರೆ ಬಿಡುತ್ತದೆ, ಹೆಚ್ಚಾಗಿ ಅದನ್ನೇ ತಿಂದುಬಿಡುತ್ತದೆ. ಸಣ್ಣ ಮಿಡತೆ ಕೊಡಲು ಶುರು ಮಾಡುವುದು ಅದಾದ ಮೇಲೆ.