ಆಡದಿದ್ದರೂ ಸಂಬಳ: ಬೇಸ್‌ಬಾಲ್‌ನಲ್ಲಿ ವಯಸ್ಸಾದ ಆಟಗಾರನನ್ನು ಕಳಿಸೋದು ಯಾಕಷ್ಟು ದುಬಾರಿ?

2021ರ ಮೇ 6ರಂದು ಅಮೆರಿಕದ ಬೇಸ್‌ಬಾಲ್ ಲೀಗಿನ ಏಂಜಲ್ಸ್ ತಂಡ ಆಲ್ಬರ್ಟ್ ಪೂಹೋಲ್ಸ್ ಅವರನ್ನು ಕೈಬಿಟ್ಟಿತು. ಆಗ ಅವರಿಗೆ 41 ವರ್ಷ. ಖಾತೆಯಲ್ಲಿ 667 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಮೂರು ಸಲ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಆದರೆ ಆ ವರ್ಷ 24 ಪಂದ್ಯ ಆಡಿದ ಮೇಲೆ ಸರಾಸರಿ .198. ಅಂದರೆ ಐದು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್ ಬರುವುದೂ ಕಷ್ಟ. ಅವರು ಆಡುತ್ತಿದ್ದ ಮೊದಲನೇ ಬೇಸ್‌ನಲ್ಲಿ ಜ್ಯಾರೆಡ್ ವಾಲ್ಶ್ ಚೆನ್ನಾಗಿ ಆಡುತ್ತಿದ್ದ, ಬರೀ ಬ್ಯಾಟ್ ಮಾಡುವವನ ಜಾಗದಲ್ಲಿ ಶೋಹೆ ಒಟಾನಿ ಇದ್ದ. ಪೂಹೋಲ್ಸ್‌ಗೆ ಜಾಗವೇ ಉಳಿದಿರಲಿಲ್ಲ.

ಇಷ್ಟೇ ಆಗಿದ್ದರೆ ಎಲ್ಲ ಆಟದಲ್ಲೂ ನಡೆಯುವ ಕಥೆ. ಆದರೆ ಆ ವರ್ಷ ಅವರ ಸಂಬಳ 3 ಕೋಟಿ ಡಾಲರ್. ಮನೆಗೆ ಕಳಿಸಿದರೂ ಅದರಲ್ಲಿ ಒಂದು ಪೈಸೆ ಕಡಿಮೆ ಮಾಡುವ ಹಾಗಿರಲಿಲ್ಲ. ಹನ್ನೊಂದು ದಿನ ಆದಮೇಲೆ ಅದೇ ಲಾಸ್ ಏಂಜಲೀಸ್ ಸುತ್ತಿನ ಇನ್ನೊಂದು ತಂಡ ಡಾಡ್ಜರ್ಸ್ ಅವರನ್ನು ಕರೆದುಕೊಂಡಿತು. ಡಾಡ್ಜರ್ಸ್ ಕೊಟ್ಟಿದ್ದು ಸುಮಾರು 4.2 ಲಕ್ಷ ಡಾಲರ್ ಅಷ್ಟೇ, ಉಳಿದ ಕೋಟಿಗಳನ್ನೆಲ್ಲ ಕೊಟ್ಟಿದ್ದು ಏಂಜಲ್ಸ್. ಎದುರು ಮನೆಯಲ್ಲಿ ಊಟ, ಬಿಲ್ ಮಾತ್ರ ಇವರಿಗೆ.

ಇದು ಹೇಗೆ ಸಾಧ್ಯ ಅಂತ ತಿಳಿಯಬೇಕಾದರೆ ವೇವರ್ ಅನ್ನೋ ವ್ಯವಸ್ಥೆ ಅರ್ಥವಾಗಬೇಕು. ತಂಡ ಒಬ್ಬನನ್ನು ಬೇಡ ಅಂದರೆ ಮೊದಲು ಅವನನ್ನು 40 ಜನರ ಪಟ್ಟಿಯಿಂದ ತೆಗೆಯುತ್ತದೆ. ಇದಕ್ಕೆ ಅಲ್ಲಿಯವರು ಹೇಳುವುದು ಡಿಎಫ್‌ಎ. ಅಲ್ಲಿಂದ ಏಳು ದಿನದ ಗಡುವು. ಅಷ್ಟರಲ್ಲಿ ಬೇರೆ ತಂಡಕ್ಕೆ ಮಾರಬೇಕು, ಇಲ್ಲವೇ ವೇವರ್‌ಗೆ ಹಾಕಬೇಕು. ವೇವರ್ ಅಂದರೆ ಉಳಿದ ತಂಡಗಳಿಗೆಲ್ಲ 'ಇವನು ಬೇಕಾ' ಅಂತ ಕೇಳುವುದು. ಎರಡು ದಿನ ಟೈಮ್. ಇಬ್ಬರು ಮೂವರು ಕೈ ಎತ್ತಿದರೆ ಗೆಲುವು-ಸೋಲಿನ ಪಟ್ಟಿಯಲ್ಲಿ ಕೆಳಗಿರುವ ತಂಡಕ್ಕೆ ಮೊದಲ ಹಕ್ಕು.

ಕೊಕ್ಕೆ ಇರುವುದು ಇಲ್ಲೇ. ವೇವರ್‌ನಲ್ಲಿ ಕೈ ಎತ್ತಿದ ತಂಡ ಆಟಗಾರನ ಜೊತೆ ಅವನ ಕಾಂಟ್ರಾಕ್ಟನ್ನೂ ಹೊರಬೇಕು. ಸಾಲದ ಕಂತು ಬಾಕಿ ಇರುವ ಹಳೇ ಕಾರು ತಗೊಂಡ ಹಾಗೆ, ಕಾರು ಬೇಕಾದರೆ ಕಂತೂ ನೀವೇ ಕಟ್ಟಿ. ಆದರೆ ಎರಡು ದಿನ ಸುಮ್ಮನೆ ಕೂತರೆ? ಯಾರೂ ಕೇಳಲಿಲ್ಲ ಅಂತ ಆಟಗಾರನಿಗೆ ಬಿಡುಗಡೆ ಸಿಗುತ್ತದೆ. ಆಮೇಲೆ ಲೀಗಿನ ಕನಿಷ್ಠ ಸಂಬಳ ಕೊಟ್ಟು ಯಾರು ಬೇಕಾದರೂ ಕರೆದುಕೊಳ್ಳಬಹುದು, ಕಂತು ಹಳೇ ಮಾಲೀಕನೇ ಕಟ್ಟುತ್ತಾನೆ. ಹೀಗಿರುವಾಗ ಪೂಹೋಲ್ಸ್ ಅವರ ಕೋಟಿಗಟ್ಟಲೆ ಬಾಕಿ ಹೊರಲು ಯಾವ ತಂಡ ತಾನೇ ಕೈ ಎತ್ತುತ್ತದೆ? ಯಾರೂ ಎತ್ತಲಿಲ್ಲ.

ಐಪಿಎಲ್ ನೋಡಿದವರಿಗೆ ಇದು ವಿಚಿತ್ರ ಅನಿಸಬಹುದು. ನಮ್ಮಲ್ಲಿ ಸೀಸನ್ ಮುಗಿದ ಮೇಲೆ ಬಿಟ್ಟರೆ ಆಯ್ತು, ಮುಂದಿನ ವರ್ಷದ ಹೊರೆ ಇಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲೂ ಒಂದು ಕಾಲಕ್ಕೆ ಹಾಗೇ ಇತ್ತು. ನಿಜ ಹೇಳಬೇಕಂದರೆ ಅದಕ್ಕಿಂತ ಕೆಟ್ಟದಾಗಿತ್ತು.

1879ರಲ್ಲಿ ಮಾಲೀಕರು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡರು. ಒಬ್ಬ ಮಾಲೀಕ ಕಾದಿರಿಸಿದ ಆಟಗಾರನನ್ನು ಇನ್ನೊಬ್ಬ ಮುಟ್ಟಬಾರದು. ಮೊದಲು ಒಂದು ತಂಡಕ್ಕೆ ಐದು ಜನ ಅಂತ ಶುರುವಾಗಿದ್ದು ಆಮೇಲೆ ಎಲ್ಲರಿಗೂ ಹಬ್ಬಿತು. ಇದೇ ರಿಸರ್ವ್ ಕ್ಲಾಸ್, ಅಂದರೆ ಕಾದಿರಿಸುವ ಷರತ್ತು. ಆಟಗಾರ ಒಂದು ವರ್ಷಕ್ಕೆ ಸಹಿ ಹಾಕಿದರೂ ಜೀವಮಾನವಿಡೀ ಆ ತಂಡದ ಆಸ್ತಿ. ಆದರೆ ತಂಡಕ್ಕೆ ಅವನು ಬೇಡವಾದರೆ ಹತ್ತು ದಿನದ ನೋಟಿಸ್ ಕೊಟ್ಟು ಕಳಿಸಬಹುದಿತ್ತು. ಅವನು ಬಿಟ್ಟು ಹೋಗುವ ಹಾಗಿಲ್ಲ, ಇವರು ಯಾವಾಗ ಬೇಕಾದರೂ ಬಿಡಬಹುದು. ಹೇಗಿದೆ ಲೆಕ್ಕ?

ಇದರ ಬಿಸಿ ಮುಟ್ಟಿದವರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಪಿಚರ್ (ಚೆಂಡು ಎಸೆಯುವವರು) ಮೆಲ್ ಸ್ಟಾಟಲ್‌ಮೈರ್ ಒಬ್ಬರು. ಹನ್ನೊಂದು ಸೀಸನ್, 164 ಗೆಲುವು, ಎಲ್ಲವೂ ಒಂದೇ ತಂಡಕ್ಕೆ. 1974ರಲ್ಲಿ ಭುಜ ಕೈಕೊಟ್ಟಿತು. ಮರುವರ್ಷ ಸೀಸನ್ ಶುರುವಾಗುವ ಮುಂಚೆ, ಮಾರ್ಚ್ ಕೊನೆಯ ವಾರದಲ್ಲಿ ತಂಡ ಅವರನ್ನು ಬಿಟ್ಟಿತು. ಸೀಸನ್ ಶುರುವಾಗುವ ಮೊದಲೇ ಬಿಟ್ಟರೆ ಪೂರ್ತಿ ವರ್ಷದ ಸಂಬಳ ಕೊಡಬೇಕಿರಲಿಲ್ಲ ನೋಡಿ. ಆ ಕಹಿ ಅವರಿಗೆ ಎಷ್ಟೋ ವರ್ಷ ಹೋಗಲಿಲ್ಲ.

ಅದೇ 1975ರ ಡಿಸೆಂಬರ್‌ನಲ್ಲಿ ಎಲ್ಲವೂ ತಲೆಕೆಳಗಾಯಿತು. ಅದಕ್ಕೆ ಮುಂಚೆ ಕರ್ಟ್ ಫ್ಲಡ್ ಅನ್ನೋ ಆಟಗಾರ ಈ ರಿಸರ್ವ್ ಕ್ಲಾಸ್ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತಿದ್ದರು. ಕೋರ್ಟಿನಲ್ಲಿ ಆಗದ್ದನ್ನು ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಪಂಚಾಯ್ತಿಯಲ್ಲಿ ಸಾಧಿಸಿದರು. ಆ್ಯಂಡಿ ಮೆಸ್ಸರ್‌ಸ್ಮಿತ್, ಡೇವ್ ಮೆಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳು ಹೊಸ ಕಾಂಟ್ರಾಕ್ಟ್‌ಗೆ ಸಹಿ ಹಾಕದೆ ಒಂದು ವರ್ಷ ಕಳೆದರು. ಈಗಲಾದರೂ ಇವರು ಸ್ವತಂತ್ರರಲ್ಲವಾ ಅನ್ನೋ ಪ್ರಶ್ನೆ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಮುಂದೆ ಬಂತು. ಹೌದು ಅಂದರು ಅವರು. ಮಾಲೀಕರು ತಕ್ಷಣ ಅವರನ್ನೇ ಕೆಲಸದಿಂದ ತೆಗೆದರು, ಅದು ಬೇರೆ ವಿಷಯ.

ಈಗ ಒಂದು ಮಜಾ ಕೇಳಿ. ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ, ಹಾಗಾದರೆ ಪ್ರತಿ ವರ್ಷ ಎಲ್ಲರನ್ನೂ ಸ್ವತಂತ್ರ ಮಾಡಿಬಿಡಿ ಅಂದರು. ಮಿಲ್ಲರ್‌ಗೆ ಭಯ ಇದ್ದದ್ದು ಅದೊಂದಕ್ಕೇ. ಸಂತೆಗೆ ಒಂದೇ ದಿನ ಲೋಡುಗಟ್ಟಲೆ ಟೊಮೆಟೊ ಬಂದರೆ ಬೆಲೆ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಾ? ಪುಣ್ಯಕ್ಕೆ ಉಳಿದ ಮಾಲೀಕರು ಫಿನ್ಲಿ ಮಾತು ಕೇಳಲಿಲ್ಲ. 1976ರಲ್ಲಿ ರಾಜಿಯಾಯಿತು. ಆರು ವರ್ಷದ ಸೇವೆ ಮುಗಿಸಿದವನು ಮಾತ್ರ ಫ್ರೀ ಏಜೆಂಟ್, ಅಂದರೆ ಬೇಕಾದ ತಂಡಕ್ಕೆ ಹೋಗಬಲ್ಲವನು. ಮಾರುಕಟ್ಟೆಗೆ ಬರುವವರು ಕಡಿಮೆ, ಆದ್ದರಿಂದ ತಂಡಗಳ ನಡುವೆ ಪೈಪೋಟಿ. ಆ ಪೈಪೋಟಿಯಲ್ಲೇ ಬಹುವರ್ಷದ ಗ್ಯಾರಂಟಿ ಕಾಂಟ್ರಾಕ್ಟ್ ಬೆಳೆದದ್ದು.

ಗ್ಯಾರಂಟಿ ಅನ್ನೋದು ಕಾನೂನಲ್ಲ. ಎಲ್ಲ ಆಟಗಾರರೂ ಸಹಿ ಹಾಕುವ ಮಾಮೂಲಿ ಕಾಂಟ್ರಾಕ್ಟ್‌ನಲ್ಲಿ ಸಾಕಷ್ಟು ಕೌಶಲ ಇಲ್ಲ ಅನಿಸಿದರೆ ತೆಗೆಯಬಹುದು ಅನ್ನೋ ಸಾಲು ಇದೆ. ಅದು ತನಗೆ ಅನ್ವಯಿಸುವುದಿಲ್ಲ ಅಂತ ಬರೆಸಿಕೊಳ್ಳುವುದೇ ಗ್ಯಾರಂಟಿ. ಇದರ ಜೊತೆ ಇನ್ನೊಂದು ರಕ್ಷಣೆ ಇದೆ. ಐದು ವರ್ಷ ಸೇವೆ ಆದವನನ್ನು ಅವನ ಒಪ್ಪಿಗೆ ಇಲ್ಲದೆ ಕೆಳಹಂತದ ಮೈನರ್ ಲೀಗ್‌ಗೆ ತಳ್ಳುವ ಹಾಗಿಲ್ಲ. ಅವನು 'ಆಗಲ್ಲ' ಅಂದು ಹೊರಟರೆ ಸಂಬಳವೂ ಜೊತೆಗೇ ಹೋಗುತ್ತದೆ. ಮೂರು ವರ್ಷ ಆದವನೂ ಹಾಗೆ ಹೊರಡಬಹುದು, ಆದರೆ ಬಾಕಿ ದುಡ್ಡು ಬಿಟ್ಟು ಹೋಗಬೇಕು.

ಹಾಗಾದರೆ ಮಾಲೀಕರು ಇಂಥ ಕಾಂಟ್ರಾಕ್ಟ್ ಯಾಕೆ ಕೊಡುತ್ತಾರೆ, ತಲೆ ಕೆಟ್ಟಿದೆಯಾ ಅಂತ ಕೇಳುವವರು ಜಾಸ್ತಿ. ನನಗೆ ಅನಿಸುವುದು, ಲೆಕ್ಕವನ್ನು ಕೊನೆಯಿಂದ ನೋಡುವುದರಿಂದ ಹಾಗೆ ಕಾಣುತ್ತದೆ. ಮೊದಲಿಂದ ನೋಡಿ. 2001ರಲ್ಲಿ ಪೂಹೋಲ್ಸ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಬಂದ ಮೊದಲ ವರ್ಷವೇ .329 ಸರಾಸರಿ, 37 ಹೋಮ್ ರನ್. ಸಂಬಳ 2 ಲಕ್ಷ ಡಾಲರ್, ಆಗಿನ ಕನಿಷ್ಠ ಸಂಬಳ. ಮೊದಲ ಮೂರು ವರ್ಷ ಸೇರಿಸಿದರೂ 20 ಲಕ್ಷ ದಾಟುವುದಿಲ್ಲ. ಆಗ ಅವರಿಗೆ ಸಲ್ಲಬೇಕಾದ್ದು ಸಿಗಲಿಲ್ಲ ಅಂತ ಯಾರೂ ಅತ್ತಿರಲಿಲ್ಲ. ಏಂಜಲ್ಸ್ 10 ವರ್ಷಕ್ಕೆ 24 ಕೋಟಿ ಕೊಡಲು ಒಪ್ಪಿದ್ದು 2011ರ ಡಿಸೆಂಬರ್‌ನಲ್ಲಿ, ಅವರಿಗೆ 32 ತುಂಬುವ ಹೊತ್ತಿಗೆ. ಮೊದಲ ನಾಲ್ಕೈದು ವರ್ಷದ ಆಟಕ್ಕಾಗಿ ಕೊನೆಯ ನಾಲ್ಕೈದು ವರ್ಷದ ನಷ್ಟ ಒಪ್ಪಿಕೊಳ್ಳುವುದೇ ಇಂಥ ಕಾಂಟ್ರಾಕ್ಟ್‌ಗಳ ಒಳಗುಟ್ಟು. ಮೊದಲ ವರ್ಷಗಳೂ ಅಂದುಕೊಂಡ ಹಾಗೆ ಬರಲಿಲ್ಲ ಅನ್ನೋದು ಏಂಜಲ್ಸ್‌ನ ಹಣೆಬರಹ. ದುಡ್ಡು ಹೋಗೇ ಹೋಯ್ತು, ಜಾಗವಾದರೂ ಉಳಿಯಲಿ ಅಂತ ನಿರ್ಧರಿಸಲು ಅವರಿಗೆ ಹತ್ತನೇ ವರ್ಷ ಬೇಕಾಯಿತು. ಅದೇ ಪ್ರಮಾಣದ ಕಾಂಟ್ರಾಕ್ಟ್‌ನಲ್ಲಿದ್ದ ರಾಬಿನ್ಸನ್ ಕನೋ ಅವರನ್ನು ನ್ಯೂಯಾರ್ಕ್ ಮೆಟ್ಸ್ 2022ರ ಮೇನಲ್ಲಿ ಬಿಟ್ಟಾಗ ಇನ್ನೂ ಹತ್ತಿರಹತ್ತಿರ ಎರಡು ಸೀಸನ್ನಿನ ಸಂಬಳ ಬಾಕಿ ಇತ್ತು.

ವೇವರ್ ಆಟದಲ್ಲಿ ಕೈ ಸುಟ್ಟುಕೊಂಡವರೂ ಇದ್ದಾರೆ. 1998ರ ಆಗಸ್ಟ್‌ನಲ್ಲಿ ಟೊರಾಂಟೊ ತಂಡ ಪಿಚರ್ ರ‍್ಯಾಂಡಿ ಮೈಯರ್ಸ್‌ರನ್ನು ವೇವರ್‌ಗೆ ಹಾಕಿತು. ಆ ತಿಂಗಳ ವೇವರ್‌ಗಳಲ್ಲಿ, ಯಾರಾದರೂ ಕೇಳಿದರೆ ಆಟಗಾರನನ್ನು ವಾಪಸ್ ಎಳೆದುಕೊಳ್ಳುವ ಅವಕಾಶ ಇತ್ತು. ಅಟ್ಲಾಂಟಾಗೆ ಅವರು ಸಿಗಬಾರದು ಅಂತ ಸ್ಯಾನ್ ಡಿಯಾಗೊ ಸುಮ್ನೆ ಕೈ ಎತ್ತಿತು. ಟೊರಾಂಟೊ ವಾಪಸ್ ಎಳೆಯಲಿಲ್ಲ. ಕಾಂಟ್ರಾಕ್ಟ್ 2000ದವರೆಗೆ ಇತ್ತು. ಮೈಯರ್ಸ್ ಭುಜದ ನೋವಿನಿಂದ 1999ರಲ್ಲೂ 2000ದಲ್ಲೂ ಒಂದು ಚೆಂಡೂ ಎಸೆಯಲಿಲ್ಲ. ಆ ಆಗಸ್ಟ್ ವ್ಯವಸ್ಥೆಯನ್ನೇ 2019ರಲ್ಲಿ ತೆಗೆದುಹಾಕಿದರು.

ಇನ್ನೊಂದು ಸೂಕ್ಷ್ಮ ಇದೆ. ತಂಡ ಬಿಟ್ಟರೆ ದುಡ್ಡು ಬರುತ್ತದೆ, ತಾನೇ ನಿವೃತ್ತಿ ಅಂದರೆ ನಿಲ್ಲುತ್ತದೆ. 2016ರಲ್ಲಿ ಕುತ್ತಿಗೆಯ ಆಪರೇಷನ್ ಆಗಿ ಪ್ರಿನ್ಸ್ ಫೀಲ್ಡರ್ ಅನ್ನೋ ಆಟಗಾರನ ಆಟ ಮುಗಿದೇ ಹೋಯಿತು, ಆದರೆ ಕಾಗದದ ಮೇಲೆ ಅವರು ನಿವೃತ್ತರಾಗಲಿಲ್ಲ. ಅದು ಅವರ ಹಕ್ಕು, ತಪ್ಪೇನಿಲ್ಲ. ಕ್ಯಾನ್ಸಸ್ ಸಿಟಿಯ ಪಿಚರ್ ಗಿಲ್ ಮೆಶ್ ಮಾತ್ರ 2011ರ ಜನವರಿಯಲ್ಲಿ, ಭುಜ ಕೆಟ್ಟಿದೆ, ಕೆಲಸ ಮಾಡದೆ ಸಂಬಳ ಬೇಡ ಅಂತ 1.2 ಕೋಟಿ ಡಾಲರ್‌ಗೂ ಹೆಚ್ಚು ಬಿಟ್ಟು ನಿವೃತ್ತಿ ಪಡೆದರು.

ಪೂಹೋಲ್ಸ್ ನಿವೃತ್ತರಾಗಲಿಲ್ಲ. ಆ ವರ್ಷ ಡಾಡ್ಜರ್ಸ್‌ಗೆ 12 ಹೋಮ್ ರನ್ ಹೊಡೆದರು. 2022ಕ್ಕೆ ಹಳೇ ಮನೆ ಕಾರ್ಡಿನಲ್ಸ್‌ಗೆ 25 ಲಕ್ಷ ಡಾಲರ್‌ಗೆ ವಾಪಸ್ ಬಂದು ಇನ್ನೂ 24 ಹೊಡೆದರು. 700ನೆಯದು ಬಂದಿದ್ದು ಸೆಪ್ಟೆಂಬರ್ 23ರ ರಾತ್ರಿ, ಡಾಡ್ಜರ್ಸ್ ಮೈದಾನದಲ್ಲಿ. ಏಂಜಲ್ಸ್ ಮೈದಾನದಿಂದ ಅಲ್ಲಿಗೆ, ಟ್ರಾಫಿಕ್ ಇಲ್ಲದಿದ್ದರೆ, ಒಂದು ಗಂಟೆ ದಾರಿಯೂ ಇಲ್ಲ.