ಊಟವೂ ಸೇವೆಯೂ ಒಂದೇ ಸೂರಿನಡಿ: ಕರಾವಳಿಯ ಸೇವಾ ಕ್ಲಬ್‌ಗಳು ಬಂದ ದಾರಿ

ಜುಲೈ ಬಂತೆಂದರೆ ಮಂಗಳೂರು, ಉಡುಪಿಯ ಪತ್ರಿಕೆಗಳ ಸ್ಥಳೀಯ ಪುಟದ ತುಂಬಾ ಪದಗ್ರಹಣದ ಫೋಟೊಗಳು. ರೋಟರಿ, ಲಯನ್ಸ್, ಇನ್ನರ್‌ವೀಲ್, ಈ ಸೇವಾ ಕ್ಲಬ್‌ಗಳಿಗೆಲ್ಲ ಜುಲೈ 1ರಿಂದಲೇ ಹೊಸ ವರ್ಷ. ಹೊಸ ಅಧ್ಯಕ್ಷರ ಕೊರಳಿಗೆ ಕಾಲರ್ ಹಾಕುತ್ತಾರೆ. ಒಂದಿಬ್ಬರು ಹಿರಿಯರಿಗೆ ಶಾಲು, ಹಾರ, ಸ್ಮರಣಿಕೆ. ನಾಲ್ಕೈದು ಮಕ್ಕಳಿಗೆ ವಿದ್ಯಾರ್ಥಿವೇತನ, ಯಾರಿಗೋ ಒಂದು ಹೊಲಿಗೆ ಯಂತ್ರ. ಆಮೇಲೆ ಊಟ.

ಇದನ್ನು ನೋಡಿ ‘ಇವರದ್ದು ಊಟ ಜಾಸ್ತಿ, ಸೇವೆ ಕಡಿಮೆ’ ಎನ್ನುವವರು ನಮ್ಮಲ್ಲಿ ತುಂಬಾ ಮಂದಿ ಇದ್ದಾರೆ. ಸುಮ್ನೆ ಹುಟ್ಟಿದ ಮಾತಲ್ಲ ಅದು. ಆದರೂ ಈ ಕ್ಲಬ್‌ಗಳು ಹೇಗೆ ಶುರುವಾದವು, ನಮ್ಮೂರಿಗೆ ಬಂದು ಏನಾದವು ಎಂದು ನೋಡಿದರೆ ಊಟದ ಮೇಲಿನ ಸಿಟ್ಟು ಸ್ವಲ್ಪ ಕಡಿಮೆಯಾಗುತ್ತದೆ.

1905ರ ಫೆಬ್ರವರಿ 23ರಂದು ಷಿಕಾಗೊದಲ್ಲಿ ಪೌಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರ ಜೊತೆ ಕೂತರು. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರ್, ಇನ್ನೊಬ್ಬ ದರ್ಜಿ. ಹ್ಯಾರಿಸ್ ಬೆಳೆದದ್ದು ಸಣ್ಣ ಊರಿನಲ್ಲಿ. ದೊಡ್ಡ ಪಟ್ಟಣದಲ್ಲಿ ಅವರಿಗೆ ಗೆಳೆಯರಿರಲಿಲ್ಲ. ಬೇಕಿದ್ದದ್ದು ಅಷ್ಟೇ. ಸರದಿಯಂತೆ (ಇಂಗ್ಲಿಷಿನಲ್ಲಿ ರೊಟೇಶನ್) ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು, ರೋಟರಿ ಎಂಬ ಹೆಸರೂ ಹಾಗೇ ಬಂತು. ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ನೆರವಾಗುತ್ತಿದ್ದರು. ಸಮಾಜಸೇವೆ ಎನ್ನುವುದು ಮೊದಲ ದಿನದ ಮಾತಿನಲ್ಲಿ ಇರಲೇ ಇಲ್ಲ.

ಅದು ಬಂದದ್ದು ಎರಡು ವರ್ಷ ಕಳೆದ ಮೇಲೆ. 1907ರಲ್ಲಿ ಕ್ಲಬ್ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತಾ? ಶೌಚಾಲಯ. ಷಿಕಾಗೊದಲ್ಲಿ ದಾರಿಹೋಕರಿಗೆ ಒಂದು ಸಾರ್ವಜನಿಕ ಶೌಚಾಲಯ ಬೇಕು ಎಂದು ಸದಸ್ಯರು ಹಟ ಹಿಡಿದರು. ನಗರದಾಡಳಿತದ ಬೆನ್ನು ಬಿದ್ದು ಅದನ್ನು ಮಾಡಿಸಿದರು. ಸ್ನೇಹಕ್ಕಾಗಿ ಸೇರಿದವರು ಊರಿನ ಕೆಲಸಕ್ಕೆ ಇಳಿದದ್ದು ಹೀಗೆ. ಲಯನ್ಸ್‌ನ ಹುಟ್ಟೂ ಇದೇ ಥರ. ಷಿಕಾಗೊದ ವಿಮಾ ಏಜೆಂಟ್ ಮೆಲ್ವಿನ್ ಜೋನ್ಸ್ ಇದ್ದದ್ದು ವ್ಯಾಪಾರಿಗಳ ಒಂದು ಊಟದ ಕೂಟದಲ್ಲಿ. ಇಷ್ಟು ಮಂದಿ ಸೇರುತ್ತೇವೆ, ಊರಿಗೂ ಏನಾದರೂ ಮಾಡೋಣ ಎಂಬ ಅವರ ಒತ್ತಾಯದಿಂದ 1917ರಲ್ಲಿ ಲಯನ್ಸ್ ಬಂತು. ಅಂದರೆ ಎರಡೂ ಕಡೆ ಊಟವೇ ಮೊದಲು, ಸೇವೆ ಆಮೇಲೆ.

ಇನ್ನು ಕರಾವಳಿ. ಇಲ್ಲಿನವರು ಸೇವೆ ಕಲಿಯಲು ಷಿಕಾಗೊಗೆ ಕಾಯಬೇಕಿರಲಿಲ್ಲ. ಫಾದರ್ ಮುಲ್ಲರ್ 1880ರಲ್ಲೇ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದ್ದರು. ಮುಂದೆ ಕುಷ್ಠರೋಗಿಗಳಿಗೆ ಆಸ್ಪತ್ರೆಯನ್ನೂ ಕಟ್ಟಿದರು. ವಕೀಲರಾಗಿದ್ದ ಕುದ್ಮುಲ್ ರಂಗರಾವ್ 1897ರಲ್ಲಿ ದಲಿತರ ಶಿಕ್ಷಣಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ತಮ್ಮವರಿಂದಲೇ ಬಹಿಷ್ಕಾರ ಎದುರಿಸಿದರು. 1906ರಲ್ಲಿ ಮಂಗಳೂರಿನಲ್ಲಿ ಮತ್ತೊಬ್ಬ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಮುಂದೆ ಕೆನರಾ ಬ್ಯಾಂಕ್ ಆದ ಫಂಡ್ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದ ಸಂಸ್ಥೆ ಹುಟ್ಟಿತು. ಊರಿನ ದುಡ್ಡು ಊರಿಗೇ ಒದಗಲಿ ಎಂಬ ಯೋಚನೆ ಎರಡರ ಹಿಂದೆಯೂ ಇತ್ತು. ಇವತ್ತು ಮಂಗಳೂರಿನ ಪುರಭವನಕ್ಕೆ ರಂಗರಾಯರ ಹೆಸರು, ಉಡುಪಿಯ ಸರಕಾರಿ ತಾಯಿ ಮಕ್ಕಳ ಆಸ್ಪತ್ರೆಗೆ ಹಾಜಿ ಅಬ್ದುಲ್ಲಾರ ಹೆಸರು.

ಆದರೆ ಇಲ್ಲಿ ಜನ ಸಂಘ ಕಟ್ಟುತ್ತಿದ್ದದ್ದು ಹೆಚ್ಚಾಗಿ ತಮ್ಮ ತಮ್ಮ ಸಮುದಾಯದೊಳಗೆ. ಬಂಟರ ಮಾತೃಸಂಘ 1908ರದ್ದು. ಬಿಲ್ಲವರು ನಾರಾಯಣ ಗುರುಗಳನ್ನು ಕರೆಸಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸಿದ್ದು 1912ರಲ್ಲಿ. ಚರ್ಚ್, ಮಸೀದಿ, ಮಠಗಳ ಸುತ್ತಲೂ ಅವರವರ ಸಂಘಗಳು. ಇವೆಲ್ಲ ತಮ್ಮವರಿಗೆ ಶಾಲೆ, ಹಾಸ್ಟೆಲ್, ವಿದ್ಯಾರ್ಥಿವೇತನ ಕೊಟ್ಟು ದೊಡ್ಡ ಕೆಲಸ ಮಾಡಿವೆ. ಆದರೆ ಭಟ್ಟರು, ಶೆಟ್ಟರು, ಬ್ಯಾರಿ, ಪೂಜಾರಿ, ಪೊರ್ಬು (ಕೊಂಕಣಿ ಕ್ರೈಸ್ತರು) ಎಲ್ಲರೂ ಪಕ್ಕಪಕ್ಕ ಕೂತು ಊರಿನ ಕೆಲಸ ಮಾತಾಡಲು ಜಾಗ ಎಲ್ಲಿತ್ತು? ಸೇವಾ ಕ್ಲಬ್ ಕೊಟ್ಟದ್ದು ಆ ಜಾಗವನ್ನು. ರೋಟರಿಯಲ್ಲಿ ಸದಸ್ಯರನ್ನು ವೃತ್ತಿ ನೋಡಿ ಸೇರಿಸಿಕೊಳ್ಳುವ ಪದ್ಧತಿ. ಒಬ್ಬ ಡಾಕ್ಟರ್, ಒಬ್ಬ ಹಂಚಿನ ವ್ಯಾಪಾರಿ, ಒಬ್ಬ ಬ್ಯಾಂಕ್ ಮ್ಯಾನೇಜರ್, ಹೀಗೆ. ನನ್ನ ಮಟ್ಟಿಗೆ ಈ ಕ್ಲಬ್‌ಗಳು ಕರಾವಳಿಗೆ ಮಾಡಿದ ಮೊದಲ ಉಪಕಾರ ಇದೇ. ಸದಸ್ಯತ್ವದ ಶುಲ್ಕ ಕಟ್ಟಲಾಗದವರು ಆ ಮೇಜಿನಿಂದ ಹೊರಗೇ ಉಳಿದರು ಎನ್ನುವುದೂ ಅಷ್ಟೇ ನಿಜ.

ಭಾರತದಲ್ಲಿ ರೋಟರಿ ಮೊದಲು ಬೇರೂರಿದ್ದು ಕಲ್ಕತ್ತಾದಲ್ಲಿ, 1920ರ ಹೊತ್ತಿಗೆ. ಲಯನ್ಸ್ ಬಂದದ್ದು 1956ರಲ್ಲಿ. ನಮ್ಮ ಕಡೆ ಇವು ಚೆನ್ನಾಗಿ ಹರಡಿದ್ದು ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ. ಅದಕ್ಕೆ ಕಾರಣಗಳೂ ಇದ್ದವು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1960ರಲ್ಲಿ ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು, 70ರ ದಶಕದಲ್ಲಿ ಪಣಂಬೂರಿನ ಬಂದರು, ಜೊತೆಗೆ ಗೊಬ್ಬರದ ಕಾರ್ಖಾನೆ. ಡಾಕ್ಟರು, ಇಂಜಿನಿಯರು, ಅಧಿಕಾರಿಗಳು ಹೊರ ಊರುಗಳಿಂದ ಬಂದರು. ಅವರಿಗೆ ಇಲ್ಲಿ ಕುಟುಂಬದ ಮನೆಯಿಲ್ಲ, ಜಾತಿ ಸಂಘವಿಲ್ಲ, ತುಳುವೂ ಬಾರದು. ಪೌಲ್ ಹ್ಯಾರಿಸ್‌ಗೆ ಷಿಕಾಗೊದಲ್ಲಿ ಇದ್ದ ಕೊರತೆಯೇ ಇವರಿಗೂ ಇತ್ತು. ವಾರದ ಸಭೆ ಅದನ್ನು ತುಂಬಿತು.

ಮಾಡಿದ ಕೆಲಸಗಳಲ್ಲಿ ಎರಡನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು, ಕಣ್ಣು. 1925ರಲ್ಲಿ ಹೆಲೆನ್ ಕೆಲರ್ ಅಮೆರಿಕದ ಓಹಾಯೋದಲ್ಲಿ ನಡೆದ ಲಯನ್ಸ್ ಸಮ್ಮೇಳನಕ್ಕೆ ಬಂದು, ಅಂಧರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಅಲ್ಲಿಂದ ಕಣ್ಣಿನ ಕೆಲಸ ಲಯನ್ಸ್‌ನ ಗುರುತೇ ಆಯಿತು. ನಮ್ಮಲ್ಲಿ ಅದು ಬಂದದ್ದು ಕಣ್ಣಿನ ಶಿಬಿರದ ರೂಪದಲ್ಲಿ. ಆಗೆಲ್ಲ ಪೊರೆಯ ಆಪರೇಶನ್ ಶಾಲೆ, ಛತ್ರಗಳಲ್ಲೇ ನಡೆಯುತ್ತಿತ್ತು. ಆಪರೇಶನ್ ಆದವರಿಗೆ ದಪ್ಪ ಗಾಜಿನ ಕನ್ನಡಕ. ಸೋಂಕಿನ ಭಯ ಇದ್ದೇ ಇತ್ತು. ಕಣ್ಣಿನೊಳಗೇ ಲೆನ್ಸ್ ಕೂರಿಸುವ ಪದ್ಧತಿ ಬಂದ ಮೇಲೆ ಶಿಬಿರದ ಸ್ವರೂಪ ಬದಲಾಯಿತು. ಈಗ ಊರಲ್ಲಿ ತಪಾಸಣೆ ಮಾತ್ರ. ಪೊರೆ ಇದ್ದವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಆಪರೇಶನ್ ಮಾಡಿಸಿ, ಮನೆಗೆ ಬಿಡುತ್ತಾರೆ. ಒಂಟಿಯಾಗಿರುವ ಅಜ್ಜಿಗೆ ಆ ವಾಹನವೇ ಅರ್ಧ ಚಿಕಿತ್ಸೆ. ಮಕ್ಕಳು ಮುಂಬಯಿಯಲ್ಲೋ ಗಲ್ಫ್‌ನಲ್ಲೋ ಇರುವ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟಿಲ್ಲ!

ಇನ್ನೊಂದು ಪೋಲಿಯೊ. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್‌ನ ಸುಮಾರು 60 ಲಕ್ಷ ಮಕ್ಕಳಿಗೆ ಲಸಿಕೆ ಹಾಕಿಸುವ ಕೆಲಸ ಒಪ್ಪಿಕೊಂಡಿತು. 1985ರಲ್ಲಿ ಇಡೀ ಜಗತ್ತಿಗೇ ಆ ಗುರಿ ಇಟ್ಟುಕೊಂಡಿತು. ಭಾರತದ ಮೊದಲ ಪಲ್ಸ್ ಪೋಲಿಯೊ ದಿನ 1995ರ ಡಿಸೆಂಬರ್ 9. ಹನಿ ಹಾಕಿದ್ದು ಆರೋಗ್ಯ ಇಲಾಖೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಆ ಶ್ರೇಯಸ್ಸು ಅವರದ್ದೇ. ಕ್ಲಬ್‌ನವರು ಬ್ಯಾನರ್ ಕಟ್ಟಿದರು, ವಾಹನ ಕೊಟ್ಟರು, ಬೂತ್‌ನಲ್ಲಿ ಕೂತವರಿಗೆ ಚಹಾ, ಊಟ ತಂದರು, ಮಕ್ಕಳ ಕಿರುಬೆರಳಿಗೆ ಶಾಯಿ ಹಚ್ಚಿದರು. 2009ರಲ್ಲೂ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂದಿತ್ತು. 2010ರಲ್ಲಿ ಅದು 42ಕ್ಕೆ ಇಳಿಯಿತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದೇ ಕೊನೆಯದ್ದು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು.

ವರ್ಷಗಟ್ಟಲೆ ಭಾನುವಾರದ ಬೆಳಗ್ಗೆ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುವುದು ಸುಲಭವಲ್ಲ. ಆದೇಶಕ್ಕೆ ಯಾರೂ ಹಾಗೆ ಬರುವುದಿಲ್ಲ. ಜೊತೆಯವರು ಬರುತ್ತಾರೆ ಎಂದು ಬರುತ್ತಾರೆ. ಆ ಬಳಕೆ ಬೆಳೆಯುವುದು ಪಿಕ್ನಿಕ್‌ನಲ್ಲಿ, ಮನೆಯ ಮದುವೆಯಲ್ಲಿ, ತುಳುವರ ಮಳೆಗಾಲದ ತಿಂಗಳಾದ ಆಟಿಯ ಕೂಟದಲ್ಲಿ. ಪದಗ್ರಹಣದ ಬೆನ್ನಿಗೇ ಆಟಿ ತಿಂಗಳು ಬರುವುದರಿಂದ ಹೆಚ್ಚಿನ ಕ್ಲಬ್‌ಗಳ ಮೊದಲ ದೊಡ್ಡ ಕೂಟ ‘ಆಟಿಡೊಂಜಿ ದಿನ’, ಅಂದರೆ ಆಟಿಯಲ್ಲೊಂದು ದಿನ. ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿ, ಕಣಿಲೆ (ಎಳೆ ಬಿದಿರು) ಪಲ್ಯ, ಹಲಸಿನ ಬೀಜದ ಗಸಿ, ಒಬ್ಬೊಬ್ಬರ ಮನೆಯಿಂದ ಒಂದೊಂದು. ಮಳೆಗೆ ಕೆಲಸವಿಲ್ಲದೆ ಹಸಿದು ಕೂತ ಕಾಲದ ಆಹಾರ ಅದು. ಈಗ ಕೂಟದ ಊಟವಾಗಿದೆ. ಮಕ್ಕಳಿಗೆ ಆ ಹಸಿವಿನ ಕಥೆಯನ್ನೂ ಜೊತೆಗೇ ಹೇಳಿದರೆ ಎಷ್ಟು ಚೆನ್ನ, ಅಲ್ವಾ?

ಈ ಕೂಟಗಳನ್ನು ಬಹುಕಾಲ ದುಡಿದು ನಡೆಸಿದವರು ಹೆಂಗಸರು. ಆದರೆ ಅವರಿಗೆ ಸದಸ್ಯತ್ವವೇ ಇರಲಿಲ್ಲ. ಸದಸ್ಯರ ಹೆಂಡತಿ ಎಂಬ ಅರ್ಥದಲ್ಲಿ ‘ಆನ್ಸ್’ ಎಂದು ಕರೆಸಿಕೊಂಡು ಗಂಡನ ಜೊತೆ ಬರಬೇಕಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1924ರಲ್ಲಿ ಶುರುವಾದ ಇನ್ನರ್‌ವೀಲ್ ಅವರದ್ದೇ ಬೇರೆ ಸಂಸ್ಥೆಯಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಕೊಟ್ಟ ತೀರ್ಪಿನ ನಂತರವೇ ರೋಟರಿಯ ಬಾಗಿಲು ತೆರೆದದ್ದು. ಎಲ್ಲ ದೇಶಗಳಿಗೂ ಅದು ಅನ್ವಯವಾದದ್ದು 1989ರಲ್ಲಿ. ಲಯನ್ಸ್ ಕೂಡ 1987ರಲ್ಲೇ ಒಪ್ಪಿತು. ಈಗ ಇಲ್ಲಿ ಮಹಿಳಾ ಅಧ್ಯಕ್ಷರು ಅಪರೂಪವಲ್ಲ.

ಹಾಗಾದರೆ ಊಟದ ಮೇಲೆ ತಕರಾರು ಬೇಡ. ನನ್ನ ತಕರಾರು ಇರುವುದು ಒಂದೇ ವರ್ಷದ ಅವಧಿಯ ಮೇಲೆ. ಎಲ್ಲರಿಗೂ ಅವಕಾಶ ಸಿಗಲಿ ಎಂದು ಮಾಡಿದ ಒಳ್ಳೆಯ ನಿಯಮ ಅದು. ಆದರೆ ಪ್ರತಿ ಅಧ್ಯಕ್ಷರಿಗೂ ತಮ್ಮ ಹೆಸರಿನ ಯೋಜನೆ ಬೇಕು. ಕ್ಲಬ್‌ಗಳ ಜಿಲ್ಲಾ ಮುಖ್ಯಸ್ಥರಾದ ಗವರ್ನರ್ ಭೇಟಿಯ ದಿನ ಉದ್ಘಾಟಿಸಲು ಏನಾದರೂ ಬೇಕು. ಶಾಲೆಗೆ ನೀರಿನ ಫಿಲ್ಟರ್ ಬರುತ್ತದೆ. ಅದರ ಕ್ಯಾಂಡಲ್ ಬದಲಿಸುವವರು ಯಾರು? ಡಯಾಲಿಸಿಸ್ ಯಂತ್ರ ಕೊಡುವಾಗ ನೂರು ಮಂದಿ ಚಪ್ಪಾಳೆ ತಟ್ಟುತ್ತಾರೆ. ತಿಂಗಳು ತಿಂಗಳು ಬೇಕಾಗುವ ಫಿಲ್ಟರು, ಟ್ಯೂಬು, ಟೆಕ್ನಿಶಿಯನ್ ಸಂಬಳ ಯಾರ ಲೆಕ್ಕ?

ಉಡುಪಿಯಲ್ಲೇ ಬೇರೆ ಥರದ ಮಾದರಿ ಇದೆ. 1975ರಲ್ಲಿ ಶುರುವಾದ ಯಕ್ಷಗಾನ ಕಲಾರಂಗ 2005ರಿಂದ ‘ವಿದ್ಯಾಪೋಷಕ್’ ಹೆಸರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ನೆರವಾಗುತ್ತಿದೆ. ಕಾರ್ಯಕರ್ತರು ಮಕ್ಕಳ ಮನೆಗೇ ಹೋಗಿ ನೋಡುತ್ತಾರೆ. ಮನೆಯ ಸ್ಥಿತಿ ತೀರಾ ಕೆಟ್ಟಿದ್ದರೆ ದಾನಿಗಳನ್ನು ಹುಡುಕಿ ಮನೆಯನ್ನೇ ಕಟ್ಟಿಸಿಕೊಡುತ್ತಾರೆ. ಹಿಡಿದ ಕೆಲಸವನ್ನು ವರ್ಷವರ್ಷವೂ ಬಿಡದೆ ಮಾಡಿದ್ದರಿಂದಲೇ ದಾನಿಗಳು ನಂಬಿ ಬಂದರು.

ಕ್ಲಬ್‌ಗಳಿಗೂ ಇದು ಸಾಧ್ಯ. ಮುಂದಿನ ಅಧ್ಯಕ್ಷರು ಯಾರೆಂದು ರೋಟರಿಯಲ್ಲಿ ತುಂಬಾ ಮೊದಲೇ ಗೊತ್ತಿರುತ್ತದೆ. ಈಗಿನವರು, ಬರುವವರು, ಅದರಾಚೆಯವರು ಮೂವರೂ ಕೂತು ಒಂದೇ ಸರಕಾರಿ ಶಾಲೆಯನ್ನೋ ಒಂದೇ ಡಯಾಲಿಸಿಸ್ ಘಟಕವನ್ನೋ ಮೂರು ವರ್ಷಕ್ಕೆ ಒಪ್ಪಿಕೊಳ್ಳಲಿ. ರಿಪೇರಿಯ ಖರ್ಚನ್ನು ಮೊದಲ ದಿನದ ಬಜೆಟ್ಟಿನಲ್ಲೇ ಬರೆಯಲಿ.